ಹೆಸರಿಡದವಳ ಎಡೆ

ಚಳ್ಳಕೆರೆಯ ನಮ್ಮ ಮನೆಯನ್ನು ನೆನೆಸಿಕೊಂಡಾಗ ಮೊದಲು ಬರುವುದು ಶೇಂಗಾ ಸಿಪ್ಪೆಯ ದೂಳು. ನೆನಪಿಗೆ ಬಂದ ಯಾವುದನ್ನೂ ಇದು ನಿಜವೋ, ಆಮೇಲೆ ನಾನು ಸೇರಿಸಿಕೊಂಡದ್ದೋ ಎಂದು ಕೇಳಿಕೊಳ್ಳುವುದು ನನಗೆ ಚಟವಾಗಿ ಹೋಗಿದೆ. ದೂಳಿನ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ರಸ್ತೆಯ ಕಡೆಗೆ ಅಪ್ಪನ ಶೇಂಗಾ ಒಡೆಯುವ ಮಿಷನ್ನು, ಅದರ ಬೆನ್ನಿಗೆ ನಮ್ಮ ವಾಸ. ಮಿಷನ್ನು ನಡೆಯುವಾಗ ಅಡುಗೆಮನೆಯ ಗೂಡಿನಲ್ಲಿದ್ದ ತಟ್ಟೆಗಳು ಸಣ್ಣಗೆ ನಡುಗುತ್ತಿದ್ದವು. ಅನ್ನಕ್ಕೆ, ನೀರಿಗೆ, ಹಿಟ್ಟಿಗೆ, ಕೊನೆಗೆ ಉಪ್ಪಿಗೂ ಮುಚ್ಚಳ ಹಾಕದಿದ್ದರೆ ಕಂದು ಹೊಟ್ಟು ಬಂದು ಕೂರುತ್ತಿತ್ತು. ಪಡಸಾಲೆ ಅಜ್ಜಿಯದು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಅವಳು ಕಂಬಕ್ಕೆ ಒರಗಿ ಕೂತರೆ, ಮನೆಯೊಳಗೆ ಬರುವವರೂ ಹೊರಗೆ ಹೋಗುವವರೂ ಅವಳಿಗೊಂದು ಮಾತು ಹೇಳಿಯೇ ದಾಟಬೇಕಿತ್ತು. ಅಡುಗೆಮನೆ ಅವ್ವನದು. ಅವ್ವನ ತವರು ಮೊಳಕಾಲ್ಮೂರು. ಹಾಲು ಉಕ್ಕಿದರೆ ತೆಲುಗಿನಲ್ಲಿ ಬೈಯುವಳು, ಒಬ್ಬಳೇ ಇದ್ದಾಗ ಒಲೆಯೊಂದಿಗೆ ತೆಲುಗಿನಲ್ಲೇ ಮಾತಾಡುವಳು. ಅಜ್ಜಿಯ ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಕನ್ನಡಕ್ಕೆ ತಿರುಗುವಳು. ಈ ಎರಡು ಕೋಣೆಗಳ ನಡುವೆ ಓಡಾಡುತ್ತ ಬೆಳೆದವಳು ನಾನು, ಒಬ್ಬಳೇ ಮಗಳು. ಒಬ್ಬಳೇ ಎಂದು ಎಲ್ಲರೂ ಹೇಳುತ್ತಿದ್ದರು.

ಪಿಯುಸಿ ಆದ ಮೇಲೆ ನಾನು ಊರಿನ ಕಾಲೇಜಿನಲ್ಲೇ ಬಿ.ಎ.ಗೆ ಸೇರಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಬೇರೆಲ್ಲೂ ಸೀಟು ಸಿಗದವರು ತೆಗೆದುಕೊಳ್ಳುತ್ತಾರೆಂದು ಹೆಸರಾಗಿದ್ದ ವಿಷಯಗಳು. ನಾನು ಬೇಕೆಂದೇ ತೆಗೆದುಕೊಂಡೆನೆಂದು ಈಗ ಅನ್ನಿಸುತ್ತದೆ. ಅದೂ ಆಮೇಲೆ ಹುಟ್ಟಿದ ಹೆಮ್ಮೆ ಇರಬಹುದು. ಅಪ್ಪನಿಗೆ ಬಿ.ಕಾಂ. ಮಾಡಿಸುವ ಆಸೆ ಇತ್ತು. ಮುದ್ದೆ ಮುರಿಯುತ್ತ ಕೇಳಿದರು:

"ಇತಿಹಾಸ ಓದಿ ಏನ್ ಮಾಡ್ತೀಯೇ? ಸತ್ತೋರ ಸುದ್ದಿ ಕಟ್ಕೊಂಡು ಬದುಕಿರೋರಿಗೆ ಏನಾಗ್ಬೇಕೈತೆ?"

"ಓದ್ಲಿ ಬಿಡೋ," ಎಂದಳು ಅಜ್ಜಿ. "ಮದ್ವೆ ಆಗೋಗಂಟ ಏನಾರ ಒಂದು ಬೇಕಲ್ಲ. ಕತೆ ಪುಸ್ತಕ ತಾನೆ."

ಇತಿಹಾಸದ ಮೇಡಂ ಚಿತ್ರದುರ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕಿಟಕಿ ಸೀಟಿನ ಗಾಳಿಗೆ ಕೆದರಿದ ಕೂದಲನ್ನು ಸರಿಮಾಡಿಕೊಳ್ಳದೆಯೇ ಪಾಠ ಶುರುಮಾಡುವವರು. ಮೊದಲ ದಿನ ರಾಜರ ಹೆಸರು ಹೇಳಲಿಲ್ಲ. ಯಾರು ಏನೇ ಹೇಳಿದರೂ ನಿಮ್ಮನ್ನು ನೀವೇ ಕೇಳಿಕೊಳ್ಳಿ, ಎಂದರು: ಇದನ್ನು ಹೇಳುತ್ತಿರುವವರು ಯಾರು, ಅವರಿಗೆ ಹೇಗೆ ಗೊತ್ತಾಯಿತು, ಹೀಗೆ ಹೇಳುವುದರಿಂದ ಅವರಿಗೇನು ಲಾಭ. ಅಜ್ಜಿ ಹೇಳಿದ್ದೇ ನಡೆದುಕೊಂಡು ಬಂದ ಮನೆಯಿಂದ ಹೋದ ನನಗೆ, ಹೀಗೆಲ್ಲ ಕೇಳಬಹುದು ಎನ್ನುವುದೇ ದೊಡ್ಡ ಸುದ್ದಿಯಾಗಿತ್ತು. ತಲೆ ತಿರುಗಿತು ಎಂದರೂ ಸರಿ. ಕೆಲವು ವಾರಗಳಲ್ಲಿ ಮನೆಯವರಿಗೆ ನಾನೊಂದು ಕಾಟವಾದೆ. ಅಜ್ಜಿ ಊಟದ ಹೊತ್ತಿಗೆ ತನ್ನ ಮಾವನ ಕತೆ ತೆಗೆಯುವಳು. ಅವರು ಪರಶುರಾಂಪುರದ ಕಡೆಯಿಂದ ಒಂಟಿ ಎತ್ತಿನ ಜೊತೆ ಈ ಊರಿಗೆ ಬಂದರಂತೆ, ಎತ್ತು ಬಂದು ನಿಂತ ಜಾಗದಲ್ಲೇ ಈ ಮನೆ ಕಟ್ಟಿದರಂತೆ.

"ನೀನು ನೋಡಿದ್ಯಾ ಅಜ್ಜಿ?"

"ನೋಡಕ್ಕೆ ನಾನೇನ್ ಆ ಎತ್ತೇನೆ?"

ಅಪ್ಪನಿಗೆ ನಗು ತಡೆಯದೆ ನೆತ್ತಿಗೆ ಹತ್ತಿತು. ಅವ್ವ ನೀರು ಕೊಟ್ಟಳು. ಅವಳೂ ನಗುತ್ತಿದ್ದಳು. ಆ ವರ್ಷದ ಅವಳ ನಗುವಿನಲ್ಲಿ ನನಗೆ ಉಳಿದಿರುವುದು ಅದೊಂದೇ.

ದೀಪಾವಳಿಗೆ ಮುಂಚೆ ಮೇಡಂ ಒಂದು ಕೆಲಸ ಹಚ್ಚಿದರು. ಪ್ರತಿಯೊಬ್ಬರೂ ತಮ್ಮ ಮನೆಯ ಚರಿತ್ರೆಯನ್ನು ಹಿರಿಯರ ಬಾಯಿಂದ ಕೇಳಿ ಬರೆದು ತರಬೇಕು, ಅದಕ್ಕೆ ಅಂಕ ಉಂಟು. ಅಜ್ಜಿಗೆ ಇದರಿಂದ ಆದ ಖುಷಿ ಅಷ್ಟಿಷ್ಟಲ್ಲ. ಕಾಲೇಜಿನವರು ತನ್ನ ಮಾತು ಕೇಳುತ್ತಿದ್ದಾರೆಂದು ಸೀರೆ ಬದಲಿಸಿ ಕೂತಳು. ಅಪ್ಪ ಮಿಷನ್ನು ತಂದ ಕತೆ ಹೇಳಿದರು. ನಾನು ಬರೆದುಕೊಳ್ಳುವುದನ್ನು ಅವ್ವ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದಳು. ಮಾರನೆಯ ದಿನವೋ ಅದರಾಚೆಯೋ, ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ ಕೇಳಿದಳು:

"ಅದ್ರಾಗೆ ಸತ್ತೋರನ್ನೂ ಬರೀತಾರಾ?"

"ಬರೀತಾರವ್ವ."

"ಹೆಸ್ರಿಲ್ದೋರನ್ನ?"

"ಯಾರು ಹೆಸ್ರಿಲ್ದೋರು?"

"ನಿಮ್ಮಕ್ಕ," ಎಂದಳು ಅವ್ವ. "ಅವ್ಳನ್ನೂ ಬರಿ."

ನನಗೆ ಅಕ್ಕ ಇದ್ದಳೆಂದು ನಾನು ಕೇಳಿದ್ದು ಅದೇ ಮೊದಲು. ಕೇಳಿದ್ದು ಮೊದಲು, ಅಷ್ಟೇ. ಏಕೆಂದರೆ ಅವಳ ಪಾಲಿನದನ್ನು ನಾನು ಪ್ರತಿ ವರ್ಷ ತಿಂದಿದ್ದೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡುತ್ತಾರೆ. ಪಡಸಾಲೆಯಲ್ಲಿ ಸಾಲಾಗಿ ಎಲೆ ಹಾಕಿ, ಸತ್ತವರಿಗೆ ಹೊಸ ಪಂಚೆ, ಸೀರೆ ಇಟ್ಟು, ಹೋಳಿಗೆ, ಕಡುಬು, ವಡೆ ಬಡಿಸುತ್ತಾರೆ. ಒಂದೊಂದು ಎಡೆಗೂ ಅಜ್ಜಿ ಒಂದೊಂದು ಹೆಸರು ಹೇಳಿ ಕೈಮುಗಿಯುವಳು. ಹೆಸರುಗಳೆಲ್ಲ ಮುಗಿದ ಮೇಲೆ ಅವ್ವ ಸಾಲಿನ ಕೊನೆಯಲ್ಲಿ, ಬಾಗಿಲ ಪಕ್ಕಕ್ಕೆ, ಇನ್ನೊಂದು ಸಣ್ಣ ಎಲೆ ಹಾಕಿ ಅರ್ಧ ಹೋಳಿಗೆ ಇಡುವಳು. ಅದು ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಅಜ್ಜಿ ಆ ಹೊತ್ತಿಗೆ ಸರಿಯಾಗಿ ದೇವರ ಕೋಣೆಯ ಕಡೆ ತಿರುಗಿ ದೀಪದ ಬತ್ತಿ ಸರಿಮಾಡುವಳು. ಅಪ್ಪ ಕಣ್ಣು ಮುಚ್ಚಿರುತ್ತಿದ್ದರು. ಪೂಜೆ ಆದ ಮೇಲೆ ಆ ಎಲೆಯನ್ನು ಅವ್ವ ನನ್ನ ಮುಂದೆ ತಂದಿಡುವಳು. ಮಗುವಿನ ಎಲೆ ಎಂದು ಅದು ಚಿಕ್ಕದಾಗಿದೆ, ಆ ಮಗು ನಾನೇ ಎಂದುಕೊಂಡಿದ್ದೆ. ಲಿಂಗ ಕಟ್ಟುವ ಮೊದಲು, ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲು ಹೋದ ಕೂಸು ಹಿರಿಯರಲ್ಲಿ ಸೇರುವುದಿಲ್ಲ, ಅದಕ್ಕೆ ಎಡೆ ಇಡುವ ಪದ್ಧತಿ ಇಲ್ಲ ಎಂದು ಈಗ ರೊಟ್ಟಿ ಬಡಿಯುತ್ತ ಅವ್ವ ಹೇಳಿದಳು. ಅಜ್ಜಿ ಬೇಡವೆನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ನೋಡದೆ ಇರುವುದೊಂದೇ ಅವಳು ಕೊಟ್ಟ ಒಪ್ಪಿಗೆ. ಆ ವರ್ಷದ ಹಬ್ಬ ಅದಾಗಲೇ ಮುಗಿದಿತ್ತು. ಅವ್ವ ಆ ಎಲೆ ಹಾಕಿದ ಕೊನೆಯ ಹಬ್ಬ ಅದೇ ಎಂದು ನಮಗಿನ್ನೂ ಗೊತ್ತಿರಲಿಲ್ಲ.

ಅವಳು ಹೇಳಿದ್ದು ಇಷ್ಟು. ಮೊದಲ ಹೆರಿಗೆಗೆ ತವರಿಗೆ ಹೋಗಿದ್ದಳು. ನೋವು ಬಂದು ಕೂಸು ಈಚೆ ಬಾರದೆ ಒದ್ದಾಡುವಾಗ, ಅವಳಣ್ಣ ಬ್ರಹ್ಮಗಿರಿಯ ಬುಡದಲ್ಲಿರುವ ಅಕ್ಷರದ ಗುಂಡು ಎನ್ನುವ ಬಂಡೆಗೆ ಹೋಗಿ, ಅದರ ಮೇಲೆ ಕೊರೆದ ಅಕ್ಷರಗಳನ್ನು ತೊಳೆದ ನೀರನ್ನು ತಂಬಿಗೆಯಲ್ಲಿ ತಂದರು. ಆ ಕಡೆಯ ಹಳಬರು ಹೆರಿಗೆ ಕಷ್ಟವಾದರೆ ಅದನ್ನೇ ಕುಡಿಸುತ್ತಿದ್ದರಂತೆ. ನೀರಿಗೆ ಕಲ್ಲಿನ ರುಚಿ ಇತ್ತು. ಹೆಣ್ಣು ಕೂಸು ಹುಟ್ಟಿತು. ಕಿವಿಯ ಹತ್ತಿರ ಮಚ್ಚೆ. ಹಾಲು ಕುಡಿಯುವಾಗ ಅವಳ ಬೆರಳು ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಬರುವ ಮೊದಲೇ ಹೋಯಿತು. ಅವ್ವ ಹೇಳುವಾಗ ಅಳಲಿಲ್ಲ. ಇಷ್ಟು ವರ್ಷ ಕೈಯಲ್ಲಿ ಹಿಡಿದುಕೊಂಡಿದ್ದನ್ನು ಇಡಲು ಕೊನೆಗೂ ಒಂದು ಜಾಗ ಸಿಕ್ಕಿತು ಎನ್ನುವವಳಂತೆ ಹೇಳಿದಳು. ಕಾಲೇಜಿನವರು ಬರೆದುಕೊಂಡರೆ ಅದು ಊರ್ಜಿತ, ಆಮೇಲೆ ಯಾರೂ ಇಲ್ಲವೆನ್ನುವಂತಿಲ್ಲ ಎಂದು ಅವಳು ತಿಳಿದಿದ್ದಳು. ನಾನೂ ಹಾಗೇ ತಿಳಿದಿದ್ದೆ.

ಒಬ್ಬರ ಮಾತಿನಿಂದ ಏನೂ ಸಿದ್ಧವಾಗುವುದಿಲ್ಲ ಎಂದು ಪಾಠವಾಗಿತ್ತಲ್ಲ, ಅಜ್ಜಿಯನ್ನು ಕೇಳಿದೆ. ಅಜ್ಜಿಯ ಮುಖ ಗಂಟಾಯಿತು.

"ಯಾವ ಕೂಸೇ? ಏಳು ತಿಂಗ್ಳಿಗೇ ಜಾರಿ ಹೋಯ್ತು. ಕೂಸೂ ಇಲ್ಲ, ಏನೂ ಇಲ್ಲ. ಜ್ವರ ಬಂದು ಏನೇನೋ ಕಂಡವ್ಳೆ ನಿಮ್ಮವ್ವ. ಅದನ್ನೆಲ್ಲ ಕಾಲೇಜಿಗೆ ಹಾಕ್ಬೇಡ, ಮನೆ ಮಾನ ಹೋಗ್ತೈತೆ."

"ಅತ್ತೆ, ನಾನು ಎತ್ಕೊಂಡಿದ್ದೆ," ಎಂದಳು ಅವ್ವ ಅಡುಗೆಮನೆಯಿಂದ. ಪಡಸಾಲೆಯ ಮಾತಿಗೆ ಅವಳು ಅಲ್ಲಿಂದ ಉತ್ತರ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

"ಎತ್ಕೊಂಡಿದ್ರೆ ಎಲ್ಲಿ ಮಣ್ ಮಾಡಿದ್ರಮ್ಮ? ಹೇಳು ಮತ್ತೆ."

ಅವ್ವನಿಗೆ ಅದು ಗೊತ್ತಿರಲಿಲ್ಲ. ಬಾಣಂತಿಯನ್ನು ಅಲ್ಲಿಗೆ ಯಾರು ಕರೆದುಕೊಂಡು ಹೋಗುತ್ತಾರೆ? ನಾನು ಅಪ್ಪನ ಕಡೆ ನೋಡಿದೆ. ಅವರು ತಟ್ಟೆಯಲ್ಲೇ ಕೈತೊಳೆದುಕೊಂಡರು.

"ನಂಗೇನ್ ಗೊತ್ತು? ಸುದ್ದಿ ಬಂದಾಗ ಶೇಂಗಾ ಸುಗ್ಗಿ. ನಾನೂ ಹೋಗ್ಲಿಲ್ಲ, ನಿಮ್ಮಜ್ಜೀನೂ ಹೋಗ್ಲಿಲ್ಲ. ಅವ್ರು ಹೇಳಿ ಕಳ್ಸಿದ್ದು ಅಷ್ಟೇ."

ಆ ರಾತ್ರಿ ಊಟದ ಮೇಲೆ ಅವ್ವ ನನಗೆ ಹೇಳಿದಳು: "ಮೊಳಕಾಲ್ಮೂರಿಗೆ ಹೋಗಣ. ಮಣ್ ಮಾಡಿದ್ದು ನಮ್ಮಣ್ಣನೇ. ಅವ್ನ ಬಾಯಾಗೇ ಕೇಳು. ಬರ್ಕೋ."

ಸೋದರಮಾವನದು ರೇಷ್ಮೆ ಸೀರೆಯ ವ್ಯಾಪಾರ. ಮನೆಯ ಒಂದು ಭಾಗದಲ್ಲಿ ಮಗ್ಗಗಳು, ಬಾಗಿಲು ದಾಟಿದ ಕೂಡಲೇ ಅವುಗಳ ಸದ್ದು. ಆ ದಿನದ ಪ್ರತಿಯೊಂದು ಮಾತೂ ನೆನಪಿದೆ ಎಂದು ನಾನು ಹೇಳಿದರೆ ನಂಬಬೇಡಿ. ಅದೇ ವರ್ಷ ಶುರುಮಾಡಿದ್ದ ದಿನಚರಿಯನ್ನು ತೆಗೆದು ನೋಡಿದರೆ, ಮಾವನ ಮನೆಗೆ ಹೋಗಿ ಬಂದೆವು, ವಿಪರೀತ ಬಿಸಿಲು ಎಂದಷ್ಟೇ ಇದೆ. ಉಳಿದದ್ದನ್ನೆಲ್ಲ ನಾನು ಎಷ್ಟು ಸಲ ಮನಸ್ಸಿನಲ್ಲಿ ನಡೆಸಿದ್ದೇನೆಂದರೆ, ಮಾತುಗಳು ಸವೆದು ನನ್ನ ಅಳತೆಗೆ ಬಂದಿರಲೂಬಹುದು.

"ರಾಮ್ಮಾ ರಾ, ಬಿ.ಎ. ಮೇಡಮ್ಮು!" ಎಂದರು ಮಾವ. "ಏನೋ ಕೇಸು ನಡೆಸ್ತಿದೀಯಂತೆ?" ತಂಗಿಯ ಕಡೆ ತಿರುಗಿ, "ಏಮ್ ಚೆಲ್ಲೀ, ಸೊರಗಿ ಹೋಗಿದೀಯ," ಎಂದರು.

ಅತ್ತೆಮ್ಮ, ಅಂದರೆ ಮಾವನ ಹೆಂಡತಿ, ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಅವ್ವ ಸರಿಯಾಗಿ ಉಣ್ಣಲಿಲ್ಲ. ನನ್ನ ಕೈ ಒಣಗುವುದನ್ನೇ ಕಾಯುತ್ತಿದ್ದಳು. ನಾನು ಪೆನ್ನು ತೆಗೆದೆ.

"ಮಾವ, ಅವ್ವನ ಮೊದಲ್ನೇ ಹೆರಿಗೆ ಇಲ್ಲೇ ಆಗಿದ್ದಲ್ವಾ?"

"ಇಲ್ಲೇ. ಅಗೋ, ಆ ಒಳಕೋಣೆ."

"ಕೂಸು?"

ಮಾವನ ದನಿ ಇಳಿಯಿತು. "ಉಳೀಲಿಲ್ಲ ಕಣಮ್ಮ. ನಾನೇ ಎತ್ಕೊಂಡು ಹೋದೆ, ನಮ್ ಹೊಲದ ಬದೂಗೆ. ಮಗ್ಗದಾಗೆ ಉಳಿದಿದ್ದ ಕೆಂಪು ರೇಷ್ಮೆ ತುಂಡಿತ್ತು, ಅದ್ರಾಗೇ ಸುತ್ತಿದ್ವಿ."

ಅವ್ವ ನನ್ನ ಕಡೆ ನೋಡಿದಳು. ಆ ನೋಟ ಸವೆದಿಲ್ಲ. ನೋಡಿದೆಯಾ, ಬರೆದುಕೊ ಎನ್ನುವ ನೋಟ. ರೇಷ್ಮೆಯಲ್ಲಿ ಸುತ್ತಿದ್ದರೆಂದು ಅವಳಿಗೂ ಅಂದೇ ಗೊತ್ತಾದದ್ದು. ತುಟಿಯಲ್ಲೇ "ಕೆಂಪು" ಎಂದಳು. ಮಾವ ಮುಂದುವರಿಸಿದರು.

"ಗಂಡು ಕೂಸು. ಮುತ್ತಿನಂಗಿತ್ತು."

"ಗಂಡಲ್ಲಣ್ಣ," ಎಂದಳು ಅವ್ವ. "ಹೆಣ್ಣು."

ಅತ್ತೆಮ್ಮ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದವರು ನಿಂತರು.

"ಅದು ನಮ್ದು ಕಣ್ರೀ," ಎಂದು ಗಂಡನಿಗೆ ಹೇಳಿದರು. "ರೇಷ್ಮೆ ಸುತ್ತಿದ್ದು ನಮ್ ಕೂಸಿಗೆ. ನಮ್ ಮೊದಲ್ನೇದು. ಮರ್ತೇ ಬಿಟ್ರಾ?"

ಮಗ್ಗಗಳ ಸದ್ದು ನಡೆದೇ ಇತ್ತು. ಮಾವ ಹೆಂಡತಿಯನ್ನು ನೋಡಿದರು, ತಂಗಿಯನ್ನು ನೋಡಿದರು. ಇಬ್ಬರೂ ಆ ವರ್ಷ ಬಸುರಿಯರಾಗಿದ್ದರು, ಇಬ್ಬರನ್ನೂ ಅದೇ ಒಳಕೋಣೆಯಲ್ಲಿ ಮಲಗಿಸಿದ್ದರು ಎಂದು ನಿಧಾನವಾಗಿ ಹೇಳಿದರು. ನಾನು ಕೇಳಬೇಕಾದ್ದನ್ನು ಕೇಳಿದೆ. ಮೇಡಂ ಇದ್ದಿದ್ದರೆ ಅವರೂ ಅದನ್ನೇ ಕೇಳುತ್ತಿದ್ದರು.

"ಮಾವ, ನೀವು ಹೊಲಕ್ಕೆ ಎಷ್ಟು ಸಾರಿ ಹೋಗಿದ್ರಿ?"

"ಒಂದೇ ಸಾರಿ," ಎಂದರು ಮಾವ. "ಅದನ್ನ ಮರೆಯಕ್ಕಾಗುತ್ತೇನಮ್ಮ?"

"ಹಂಗಾದ್ರೆ ನಂದು?" ಎಂದಳು ಅವ್ವ.

ಅವ್ವ ಅವಸರದಿಂದ ಮಚ್ಚೆಯ ವಿಷಯ ಹೇಳಿದಳು, ಬೆರಳು ಹಿಡಿದುಕೊಳ್ಳುತ್ತಿದ್ದುದನ್ನು ಹೇಳಿದಳು. ತನ್ನ ಬೆರಳನ್ನೇ ಮುಂದೆ ಚಾಚಿ ತೋರಿಸಿದಳು. ಅತ್ತೆಮ್ಮ ತಟ್ಟೆ ಕೆಳಗಿಟ್ಟು ಅವಳ ಪಕ್ಕಕ್ಕೆ ಬಂದು ಕೂತರು. ಅವರ ದನಿಯಲ್ಲಿ ಗೆಲ್ಲುವ ಹಟವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಗೌರಿ, ಕಿವಿ ಹತ್ರ ಮಚ್ಚೆ ಇದ್ದಿದ್ದು ನನ್ನ ಮಗಂಗೆ. ನಿಂಗೆ ಮೈಯೆಲ್ಲ ಕಾದು ಎಚ್ರ ಇರ್ಲಿಲ್ಲ. ಹಾಲು ಕಟ್ಕೊಂಡು ನೀನು ಸಂಕಟ ಪಡ್ತಿದ್ದೆ. ಅದ್ಕೇ ನನ್ ಕೂಸಿನ್ನೇ ನಿನ್ ಮಗ್ಗುಲಾಗೆ ಹಾಕ್ತಿದ್ವಿ. ನಿನ್ ಹಾಲು ಕುಡ್ದಿದ್ದು ಅವ್ನು."

"ನನ್ ಕೂಸು?"

"ಸೂಲಗಿತ್ತಿ ಬಟ್ಟೇಲಿ ಮುಚ್ಕೊಂಡು ಹೋದ್ಲು. ನಮ್ಗ್ಯಾರ್ಗೂ ತೋರಿಸ್ಲಿಲ್ಲ. ತಿಂಗ್ಳು ತುಂಬಿರ್ಲಿಲ್ಲ ಅಂದ್ಲು. ಅವ್ಳು ಸತ್ತೇ ಎಷ್ಟು ವರ್ಷ ಆಯ್ತು."

ಅವ್ವ ಅಣ್ಣನ ಕಡೆ ತಿರುಗಿ, ಇದಾದರೂ ಕೊಡು ಎಂದು ಬೇಡುವವಳಂತೆ ಕೇಳಿದಳು:

"ಅಣ್ಣ, ಅಕ್ಷರದ ಗುಂಡಿನ ನೀರು ತಂದಿದ್ಯಲ್ಲ? ಅದಾರ ನೆನಪೈತಾ?"

"ಐತೆ ಐತೆ! ನಿಂಗೂ ತಂದೆ, ನಿಮ್ಮತ್ತಿಗೇಗೂ ತಂದೆ. ಎರಡು ಸಾರಿ ಗುಡ್ಡದ ಬುಡಕ್ಕೆ ಓಡಿದೀನಿ."

"ಬರ್ಕೋ," ಎಂದಳು ಅವ್ವ ನನಗೆ.

ಆ ಬಂಡೆಯನ್ನು ನಾನು ಓದಿದ್ದೆ. ನಮ್ಮ ಪಠ್ಯದಲ್ಲಿ ಅದು ಚಕ್ರವರ್ತಿಯೊಬ್ಬನ ಶಾಸನ. ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು ಎಂದು ಬರೆಸಿದ್ದಾನೆ. ನಮ್ಮ ತಾಲ್ಲೂಕಿನ ಪಕ್ಕದಲ್ಲೇ ಇಂಥದೊಂದು ಆಧಾರ ಇರುವುದು ನಮ್ಮ ಪುಣ್ಯ ಎಂದು ಮೇಡಂ ಹೇಳಿದ್ದರು, ಅದನ್ನು ತೊಳೆದು ಕುಡಿಯುವುದು ಮೌಢ್ಯ ಎಂದೂ ಹೇಳಿದ್ದರು.

"ಅವ್ವ, ಅದು ಶಾಸನ," ಎಂದೆ. "ಆ ನೀರಿನಿಂದ ಏನೂ ಆಗಲ್ಲ."

"ಆಗ್ತೈತೆ ಅಂದ್ನೇನೇ ನಾನು? ತಂದ್ರು ಅಂದೆ."

ನಾನು ಬರೆದುಕೊಳ್ಳಲಿಲ್ಲ. ಏಳು ತಿಂಗಳು ಎಂದು ಅಜ್ಜಿ ಹೇಳಿದ್ದಳು, ತಿಂಗಳು ತುಂಬಿರಲಿಲ್ಲ ಎಂದು ಅತ್ತೆಮ್ಮನೂ ಹೇಳಿದರು. ಒಬ್ಬರಿಗೊಬ್ಬರು ಮಾತಾಡಿಕೊಳ್ಳದ ಎರಡು ಊರಿನ ಇಬ್ಬರು ಹೆಂಗಸರು ಒಂದೇ ಮಾತು ಹೇಳಿದ ಮೇಲೆ ಇನ್ನೇನು ಉಳಿಯಿತು ಎಂದುಕೊಂಡೆ. ಎಷ್ಟೋ ವರ್ಷಗಳ ನಂತರ, ಅತಿಥಿ ಉಪನ್ಯಾಸಕಿಯಾಗಿ ಇದೇ ಪಾಠವನ್ನು ಬೇರೆಯವರ ಮಕ್ಕಳಿಗೆ ಹೇಳುತ್ತಿದ್ದಾಗ, ಬೋರ್ಡಿನ ಮುಂದೆ ನಿಂತಲ್ಲೇ ನನಗೆ ಹೊಳೆಯಿತು. ಅಜ್ಜಿ ಏನನ್ನೂ ಕಂಡವಳಲ್ಲ. ಮೊಳಕಾಲ್ಮೂರಿನಿಂದ ಬಂದ ಸುದ್ದಿಯನ್ನೇ ಅವಳು ಹೇಳಿದ್ದು. ಅತ್ತೆಮ್ಮ ಹೇಳಿದ್ದು ಸೂಲಗಿತ್ತಿಯ ಮಾತನ್ನು. ಇಬ್ಬರದಲ್ಲ, ಅದು ಒಬ್ಬಳದೇ ಮಾತು, ಸತ್ತು ಹೋದ ಒಬ್ಬ ಹೆಂಗಸಿನದು. ಮಾವ ಕಣ್ಣಾರೆ ಕಂಡು ಹೇಳಿದ್ದು ನೀರಿನ ವಿಷಯ. ಆ ನೀರನ್ನು ತರುತ್ತಿದ್ದುದು ದಿನ ತುಂಬಿದ ಕೂಸು ಈಚೆ ಬಾರದೆ ನಿಂತಾಗ. ಕಲ್ಲಿನ ಮೇಲೆ ಬರೆದದ್ದನ್ನು ಓದಲು ನನಗೆ ಕಲಿಸಿದ್ದರು, ಅದರ ಮೇಲಿಂದ ಹರಿದು ಹೋದದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಾಗೆಂದು ಅವ್ವ ಹೇಳಿದ್ದೇ ನಿಜ ಎನ್ನಲೂ ನನ್ನಿಂದಾಗದು. ಏಳು ತಿಂಗಳಿಗೆ ನೋವು ಬಂದವರಿಗೂ ಆ ನೀರು ಕೊಡುತ್ತಿದ್ದರೇನೋ. ಮಚ್ಚೆ ಇದ್ದದ್ದು ಯಾವ ಕೂಸಿಗೋ. ಇದು ಹೊಳೆಯುವ ಹೊತ್ತಿಗೆ ಮಾವ ಇರಲಿಲ್ಲ, ಅತ್ತೆಮ್ಮನಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ, ಅವ್ವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಕೇಳುವುದು ಹೇಗೆಂದು ಕಲಿತ ನನಗೆ ಕೇಳಲು ಯಾರೂ ಉಳಿದಿರಲಿಲ್ಲ.

ಹೊರಡುವಾಗ ಅತ್ತೆಮ್ಮ ಅವ್ವನಿಗೆ ಕುಂಕುಮ ಕೊಟ್ಟು, ರವಿಕೆ ಬಟ್ಟೆ ಕೊಟ್ಟರು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತಿದ್ದರು. ತಾನು ಹಾಲು ಕುಡಿಸಿದ್ದು ಇವಳ ಕೂಸಿಗಾದರೆ ಅದೂ ಉಳಿಯಲಿಲ್ಲವಲ್ಲ ಎಂದು ಅವ್ವ ಯೋಚಿಸುತ್ತಿದ್ದಳೋ ಏನೋ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅವಳು ನನ್ನನ್ನು ಕೇಳಿದಳು:

"ನೀನು ಓದಿದಾಕಿ. ಹೇಳು. ಯಾವ್ದು ದಿಟ?"

"ಗೊತ್ತಾಗಲ್ಲವ್ವ," ಎಂದೆ. "ಆಧಾರ ಸಾಲದು."

"ನಂಗೇ ಹಂಗ್ ಅನ್ಸಿದ್ದಿರ್ಬೌದಾ?"

"ಇರ್ಬೌದು."

ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ನನ್ನಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವ್ವ ತಲೆಯಾಡಿಸಿದಳು. ಬಸ್ಸಿನಲ್ಲಿ ನಮಗೆ ಮೂವರು ಕೂರುವ ಸೀಟು ಸಿಕ್ಕಿತು. ಅವ್ವ ನಡುವೆ ಕೂತಳು. ಬಯಲಿನ ಕಾದ ಗಾಳಿ ಕಿಟಕಿಯಿಂದ ನುಗ್ಗುತ್ತಿತ್ತು. ಅವಳು ಕಣ್ಣು ಮುಚ್ಚಿಕೊಳ್ಳಲಿಲ್ಲ, ಹೊರಗೂ ನೋಡಲಿಲ್ಲ. ಕೊಂಡ್ಲಹಳ್ಳಿಯ ಹತ್ತಿರ ಒಬ್ಬ ಹೆಂಗಸು ಈರುಳ್ಳಿ ಚೀಲ ಹಿಡಿದುಕೊಂಡು ಹತ್ತಿ ಅವ್ವನ ಇನ್ನೊಂದು ಮಗ್ಗುಲಿಗೆ ಕೂತಳು. ಚೀಲವನ್ನು ಕಾಲಡಿ ತಳ್ಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ನಮ್ಮ ಕಡೆಯ ಹೆಂಗಸರು ಮಾತು ಶುರುಮಾಡುವ ಹಾಗೆಯೇ ಶುರುಮಾಡಿದಳು.

"ಯಾವೂರಾತವ್ವ?"

"ಚಳ್ಳಕೆರೆ."

"ಮಗ್ಳಾ? ಕಾಲೇಜಿಗೆ ಹೋಗ್ತಾಳಾ? ಒಳ್ಳೇದಾತು ಬಿಡು. ಎಷ್ಟು ಮಕ್ಳು ನಿಮ್ಗೆ?"

ಬಸ್ಸು ಗುಂಡಿಗೆ ಇಳಿದು ಹತ್ತಿತು.

"ಇವ್ಳೊಬ್ಳೇ," ಎಂದಳು ಅವ್ವ.

ಹೇಳಿ ನನ್ನ ಕಡೆ ತಿರುಗಿದಳು. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಿದವರು, ಸರಿಯಾಯಿತೋ ಇಲ್ಲವೋ ಎಂದು ಮೇಡಂ ಮುಖ ನೋಡುತ್ತಾರಲ್ಲ, ಹಾಗೆ ನೋಡಿದಳು.